ಕೌಲ್ ಬಜಾರಿನಲ್ಲಿ ಮಾರ್ವಾ

ಭಾನುವಾರದ ಪುರವಣಿಯಿಂದ ವಿಮರ್ಶೆಯನ್ನು
ಪ್ಯಾಂಟಿನ ಕಾಲಿನಷ್ಟು ನೇರ ಕತ್ತರಿಸಿ ತಂದಿದ್ದ
ಕಟಿಂಗ್ ಮಾಸ್ಟರ್ ಖಾದರ್‌ಬಾಷಾ.
ಸೀಮೆಸುಣ್ಣ ಕಿವಿಗೆ ಸಿಕ್ಕಿಸಿ, ನಿಂತೇ ಓದಿದ
ಹನ್ನೊಂದು ಮಷೀನಿನ ಮೇಲೆ ದನಿ ಏರಿಸಿ:

'ಮೋಕಾ ಪೆದ್ದಣ್ಣನವರ ಹೊಸ ಆಲ್ಬಮ್ಮು ಎರಡು,
ಒಂದು ಬೆಳಗು, ಒಂದು ಬೈಗು.
ಎಪ್ಪತ್ಮೂರರ ಕ್ಲಾರಿಯೊನೆಟ್ಟಿಗೆ ನಮಸ್ಕಾರ, ಸರಿ.
ಆದರೆ ಮಾರ್ವಾ ಅಂದಮೇಲೆ ಷಡ್ಜಕ್ಕೆ ಕಾಯಿಸಬೇಕು.
ಇವರೀಗ ಕಾಯಿಸಲಾರರು.
ಉಸಿರು ಮುಗಿದಲ್ಲೇ ಮನೆ ಬಂತು ಅನ್ನುತ್ತಾರೆ.'

'ಯಾವನಲೇ ಅವನು?'
ಎರ್ರಿಸ್ವಾಮಿ ಪೆಡಲಿನಿಂದ ಕಾಲು ತೆಗೆಯಲಿಲ್ಲ.
'ಹುದ್ದಾರ ಅಂತ. ಧಾರವಾಡದವ.'
'ಅಲ್ಲಿ ಮಳಿ ಬರ್ತೈತಿ, ತಣ್ಣಗ ಕುಂತು ಕೇಳ್ತಾರ.
ಏಪ್ರಿಲ್‌ನಾಗ ಬಳ್ಳಾರಿಗೆ ಬಂದು ಒಂದು ತಾಸು ಊದಲಿ,
ಯಾರ ಉಸಿರು ಎಲ್ಲಿ ಮುಗಿತೈತಿ ನೋಡಾಣ.'

ಜಿಪ್ಪು ಹಚ್ಚುವ ಮಾರೆಕ್ಕ ತಲೆ ಎತ್ತದೆ ಅಂದಳು:
'ನನ್ನ ಮದುವ್ಯಾಗ ಅವನೇ ಊದಿದ್ದು.
ಅವತ್ತೂ ನಡುನಡುವೆ ನಿಲ್ಲಿಸ್ತಿದ್ದ,
ಎಲಿಅಡಿಕಿ ಹಾಕ್ಕೊಳ್ಳಾಕ.'

ಆಲ್ಬಮ್ಮು ಎರಡೂ ನಮಗೆ ಬಾಯಿಪಾಠ.
ತೋಡಿ ಮುಗಿಯುವುದರೊಳಗೆ ಮೂವತ್ತು ಹಿಂಜೇಬು,
ಮಾರ್ವಾಕ್ಕೆ ಇಪ್ಪತ್ತೆರಡೇ, ಅದು ನಿಧಾನ.
ಓನರ್ರು ಒಮ್ಮೆ ಲೆಕ್ಕ ಹಾಕಿ
ಸಿನಿಮಾ ಹಾಡು ಹಚ್ಚಿಸಿದ್ದ. ಸೂಜಿ ಮುರಿದದ್ದೇ ಹೆಚ್ಚು.

ಬಂಡಲ್ ಚೀಟಿಯ ಹಿಂದೆ ಉತ್ತರ ಶುರುವಾಯಿತು.
ಮಾನ್ಯರೇ, ತಾವು ಬರೆದದ್ದು
'ತಪ್ಪು ಅಂತ ಹಾಕು' ಎರ್ರಿಸ್ವಾಮಿ.
'ಅವಸರ ಅಂತ ಹಾಕೋಣ, ಮರ್ಯಾದಿ ಇರ್ತದ' ಖಾದರ್‌ಬಾಷಾ.
'ಏನು ತಿಂದು ಕೇಳಿದೆಪ್ಪಾ ಅಂತ ಕೇಳ್ರಿ' ಮಾರೆಕ್ಕ.
ನಾನು ಕಾಜದವನು. ದಿನಕ್ಕೆ ಆರುನೂರು ತೂತು ಕೊರೆದು
ಸುತ್ತ ದಾರ ಬಿಗಿಯುವವನು.
ಪೆನ್ನು ನನ್ನ ಕೈಯಲ್ಲಿತ್ತು, ಅಕ್ಷರ ದುಂಡಗಿದೆಯೆಂದು.

ನಾಲ್ಕೂಕಾಲಿಗೆ ಕರೆಂಟು ಹೋಯಿತು.
ಮಷೀನು, ಫ್ಯಾನು, ಪಕ್ಕದ ಶೆಡ್ಡಿನ ಗ್ರೈಂಡರು.
ಬ್ಯಾಟರಿಯ ಪುಟ್ಟ ಸ್ಪೀಕರಿಗೆ ಸುದ್ದಿ ಮುಟ್ಟಲಿಲ್ಲ,
ಅದು ಬೈಗಿನಲ್ಲಿತ್ತು.

ಆಗ ಕೇಳಿತು.
ತುಟಿ ತಾಗುವ ಮೊದಲಿನ ಒಣ ಸದ್ದು.
ಎದೆಯೊಳಗೆ ಯಾರೋ
ತಗಡಿನ ಟ್ರಂಕು ಎಳೆದಂತೆ.
ಕೋಮಲ ರಿಷಭದಲ್ಲಿ ನಿಂತು, ನಿಂತು,
ಇನ್ನೂ ನಿಲ್ಲಬೇಕಾದಲ್ಲಿ
ಷಡ್ಜಕ್ಕೆ ಕುಸಿದ,
ಓಡಿ ಬಸ್ಸು ಹಿಡಿದವನು
ಯಾರದೋ ಸೀಟಿನ ಅಂಚಿಗೆ ಕೂತ ಹಾಗೆ.

ಎರಡು ತಿಂಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ ಇದು.
ನಮ್ಮ ಮಷೀನುಗಳೇ
ಆ ಹರುಕನ್ನೆಲ್ಲ ಹೊಲಿದುಬಿಟ್ಟಿದ್ದವು.

'ಸ್ಪೀಕರ್ ಕೆಟ್ಟೈತಿ' ಅಂದ ಎರ್ರಿಸ್ವಾಮಿ.
ಯಾರೂ ಹೌದೆನ್ನಲಿಲ್ಲ.
ಖಾದರ್‌ಬಾಷಾ ಕತ್ತರಿಸಿ ತಂದ ಕಾಗದವನ್ನು
ಮತ್ತೊಮ್ಮೆ ಓದಿದ, ಈ ಸಲ ತುಟಿ ಆಡಿಸದೆ.
ಬೆವರು ಅವನ ಗಡ್ಡದ ತುದಿಯಲ್ಲಿ ತೂಗುತ್ತಿತ್ತು.

'ಮನಿ ಬಂತಂತ ಒಳಗ ಹೋದ,' ಅಂದಳು ಮಾರೆಕ್ಕ.
'ಎಷ್ಟೊತ್ತು ನಿಂದರಸ್ತೀರಿ ಮುದುಕನ್ನ ಅಂಗಳದಾಗ?'

ಐದಕ್ಕೆ ಹತ್ತಿರ ಕರೆಂಟು ಬಂತು.
ರಾಗ ಮುಗಿಯುವ ತನಕ ಯಾವ ಕಾಲೂ
ಪೆಡಲು ಒತ್ತಲಿಲ್ಲ.
ಓನರ್ರು ಗಾಜಿನಾಚೆಯಿಂದ ನೋಡಿ, ಗಡಿಯಾರ ನೋಡಿ,
ಏನೋ ಬರೆದುಕೊಂಡ.

ಚೀಟಿ ಬಂಡಲಿನ ಜೊತೆ ವಾಷಿಂಗಿಗೆ ಹೋಗಿದೆ.
ಮಾನ್ಯರೇ, ತಾವು ಬರೆದದ್ದು
ಕಲ್ಲುಗಳ ನಡುವೆ ಉರುಳಿ ನೀಲಿ ನೀರಾಗಿರಬೇಕು.

ಈಗ ಊಟದ ಹೊತ್ತಿಗೆ, ಮಷೀನು ನಿಂತಾಗ,
ನಾವು ಬೈಗು ಹಚ್ಚುವುದಿಲ್ಲ. ಬೆಳಗು ಹಚ್ಚುತ್ತೇವೆ.
ತೋಡಿಯ ಒಳಗೂ ಇದೆ ಆ ಟ್ರಂಕು.
ದೂರ ಇದೆ. ಪಡಸಾಲೆಯ ತನಕ ಬಂದಿಲ್ಲ.
ಮಾರೆಕ್ಕ ಡಬ್ಬಿ ಮುಚ್ಚುವಾಗ
ಸದ್ದಾಗದ ಹಾಗೆ ಮುಚ್ಚುತ್ತಾಳೆ.